ಮುಂಜಾನೆ ಮುನಿಸಿಕೊಳ್ಳುವ ಮೋಟಾರು

ನಮ್ಮ ಅಣ್ಣನಿಗೆ ಯಾರ ಮಾತನ್ನೂ ಕೇಳುವ ರೂಢಿ ಇರಲಿಲ್ಲ. ಅವನು ಕೊಂಡು ತಂದ ಮೋಟಾರಿಗೂ ಇರಲಿಲ್ಲ. ಇವರಿಬ್ಬರ ನಡುವೆ ಹಗ್ಗ ಎಳೆದು ಅಂಗೈ ಸುಲಿಸಿಕೊಳ್ಳುವ ಕೆಲಸ ಮಾತ್ರ ನನ್ನ ಪಾಲಿಗೆ ಬಂದಿತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಸಾಮಾನುಗಳಲ್ಲಿ ಅಣ್ಣನ ಕಣ್ಣಿಗೆ ಈ ಮೋಟಾರು ಬಿದ್ದದ್ದು ಪುಣೆಯಲ್ಲಿ. ದೋಣಿಯ ಹಿಂಬದಿಗೆ ಬಿಗಿಯುವಂಥದ್ದು. ಕೆಳಗೆ ನೀರಿನಲ್ಲಿ ತಿರುಗುವ ರೆಕ್ಕೆ, ಮೇಲೆ ಬೋಳು ಚಕ್ರ. ಚಕ್ರಕ್ಕೆ ಹಗ್ಗ ಸುತ್ತಿ ಜೋರಾಗಿ ಎಳೆದರೆ ಚಾಲೂ ಆಗಬೇಕು. ಮುಂಡರಗಿಯ ಆಚೆ, ತುಂಗಭದ್ರೆಯ ದಂಡೆಯಲ್ಲಿದ್ದ ನಮ್ಮೂರಿನವರನ್ನು ಅದುವರೆಗೆ ಹೊಳೆ ದಾಟಿಸುತ್ತಿದ್ದದ್ದು ಹರಿಗೋಲು. ಲಕ್ಷ್ಮೇಶ್ವರದ ಪೇಟೆಗೆ ಕಾಳು ಹಾಕುತ್ತಿದ್ದ ಅಣ್ಣ, ಆಚೆ ದಂಡೆಯ ಜೋಳ ತರಲು ಒಂದು ದೋಣಿ ಇಟ್ಟುಕೊಂಡಿದ್ದ. ಅದಕ್ಕೆ ಮೋಟಾರು ಬಿಗಿದದ್ದು ಒಂದು ಮಧ್ಯಾಹ್ನ. ಊರೆಲ್ಲ ದಂಡೆಗೆ ಬಂದಿತ್ತು. ಒಂದೇ ಎಳೆತಕ್ಕೆ ಅದು ಗುರ್ರೆಂದಿತು, ಅಣ್ಣ ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಗೋಳು ಶುರುವಾದದ್ದು ಮರುದಿನ ಮುಂಜಾನೆಯಿಂದ. ಎಳೆದರೆ ಕೆಮ್ಮುವುದು, ಇಲ್ಲವೆ ಅದೂ ಇಲ್ಲ. ಬಿಸಿಲೇರಿದ ಮೇಲೆ ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. ಆಗ ಆಚೆ ದಂಡೆ ಮದ್ರಾಸಿನವರದು, ಈಚೆ ದಂಡೆ ಮುಂಬಯಿಯವರದು. ಕನ್ನಡ ನಾಡು ಒಂದಾಗಬೇಕೆಂದು ಭಾಷಣ ಮಾಡಲು ಹೊರಟವರು ನಮ್ಮ ದೋಣಿಯಲ್ಲಿ ಬಹಳ ಹೊತ್ತು ಕೂತು, ಬೇಸತ್ತು ಇಳಿದು ಹೋದದ್ದೂ ಉಂಟು.

ಭಾಷಣದವರು ಹೋದರೆ ಹೋಗಲಿ. ನನಗೆ ಸಂಕಟವಾಗುತ್ತಿದ್ದದ್ದು ಅಕ್ಕನ ಸಲುವಾಗಿ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಆಚೆ ದಂಡೆಯ ಊರಿನಲ್ಲಿ ಹೆಣ್ಣುಮಕ್ಕಳಿಗೆಂದು ಹೊಸದಾಗಿ ತೆರೆದ ಖಾಸಗಿ ಶಾಲೆಯಲ್ಲಿ ಅವಳಿಗೆ ಹಂಗಾಮಿ ಕೆಲಸ ಸಿಕ್ಕಿತ್ತು. ದೀಪಾವಳಿಯ ಹೊತ್ತಿಗೆ ಶಾಲೆಯ ಕಮಿಟಿ ಬಂದು, ಪಾಠ ಕೇಳಿ, ಕಾಯಂ ಮಾಡುವುದೋ ಬಿಡುವುದೋ ನೋಡುವುದಿತ್ತು. ಹೆಡ್ ಮಾಸ್ತರರು ಮೊದಲ ವಾರವೇ ಹೇಳಿಬಿಟ್ಟಿದ್ದರು: "ಪ್ರಾರ್ಥನಾಕ್ಕ ಬರದ ಅಕ್ಕೋರು ನಮಗ ಬ್ಯಾಡ್ರಿ." ಆ ಕೆಲಸ ಹೋದರೆ ಅವಳಿಗೆ ಉಳಿಯುವುದು ನಮ್ಮ ಅಡುಗೆಮನೆಯ ಹೊಗೆ ಒಂದೇ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹರಿಗೋಲಿನಲ್ಲಿ ಹೋಗುತ್ತೇನೆ ಎಂದರೆ ಅಣ್ಣ ಉರಿದು ಬೀಳುತ್ತಿದ್ದ. "ಮನಿಯಾಗ ಮೋಟಾರ್ ಇಟ್ಕೊಂಡು ಮಂದಿ ಹರಿಗೋಲು ಹತ್ತಿದ್ರ ಊರಾಗ ನನ್ನ ಮಾನ ಏನ ಉಳೀತೈತಿ?"

ಹೀಗಾಗಿ ದಿನಾ ಮುಂಜಾನೆ ಅದೇ ಆಟ. ಮೋಟಾರು ಬಿಗಿದ ಮರುದಿನದಿಂದಲೇ ಅಣ್ಣ ಜಳಕ ಮಾಡಿ, ಒದ್ದೆ ಪಂಚೆಯಲ್ಲೇ ದಂಡೆಗೆ ಬರುತ್ತಿದ್ದ. ಮೋಟಾರಿನ ನೆತ್ತಿಯ ಮೇಲೆ ಕೊಡದಿಂದ ಹೊಳೆಯ ನೀರು ಸುರಿದು, ಅದಕ್ಕೂ ಜಳಕ ಮಾಡಿಸುತ್ತಿದ್ದ. ಎತ್ತಿಗೆ, ಬಂಡಿಗೆ ಮಾಡುವಂತೆಯೇ. ವಿಭೂತಿ ಬಳಿದು, ಹೂ ಏರಿಸಿ, ಪೆಟ್ರೋಲ್ ಟಾಕಿಯ ಮಗ್ಗುಲಲ್ಲೇ ಕರ್ಪೂರ ಹಚ್ಚುತ್ತಿದ್ದ. ದೋಣಿ ಹೊತ್ತಿ ಉರಿಯಲಿಲ್ಲ ಎಂಬುದೇ ಆ ಪೂಜೆಯ ಫಲ. ಆಮೇಲೆ ನನ್ನ ಕಡೆ ತಿರುಗಿ, "ಹೂಂ, ಎಳಿಯಲೇ" ಎನ್ನುತ್ತಿದ್ದ.

ನಾನು ಮಾಡದ ಉಪಾಯವಿಲ್ಲ. ಪ್ಲಗ್ ಬಿಚ್ಚಿ ಉಸುಕಿನ ಕಾಗದದಿಂದ ತಿಕ್ಕಿದೆ. ಎಣ್ಣೆ ಹೆಚ್ಚಾಯಿತೆಂದು ಕಡಿಮೆ ಬೆರೆಸಿದೆ, ಕಡಿಮೆಯಾಯಿತೆಂದು ಹೆಚ್ಚು ಬೆರೆಸಿದೆ. ಪೆಟ್ರೋಲು ಹಳತಾಯಿತೆಂದು ಗದಗಿನಿಂದ ಹೊಸ ಡಬ್ಬಿ ತಂದೆ. ಕಡೆಗೆ ಮೋಟಾರನ್ನೇ ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನ ಮೇಲೆ ಹಾಕಿ, ಗದಗ-ಬೆಟಗೇರಿಯ ಒಂದು ಗ್ಯಾರೇಜಿಗೆ ಒಯ್ದೆ. ಮುಂಜಾನೆಯ ಚಳಿಯಲ್ಲೇ ನೋಡಿರೆಂದು ರಾತ್ರಿ ಅಲ್ಲೇ ಉಳಿದೆ. ಬೆಳಗಾದ ಮೇಲೆ ಪೀಪಾಯಿ ತುಂಬ ನೀರು ತುಂಬಿಸಿ, ಅದರಲ್ಲಿ ರೆಕ್ಕೆ ಇಳಿಬಿಟ್ಟು ಎಳೆದರು. ಪಾಪಿ ಮೋಟಾರು ಮೊದಲ ಎಳೆತಕ್ಕೇ ಹಾಡಲು ಶುರುಮಾಡಿತು. ಪಕ್ಕದ ಅಂಗಡಿಗೆ ಚಹಾ ಕುಡಿಯಲು ಬಂದವರೆಲ್ಲ ನನ್ನ ಮುಖ ನೋಡಿದರು. "ಇದಕ್ಕೇನಾಗೇತ್ರಿ? ಹುಲಿ ಇದ್ದಂಗೈತಿ" ಎಂದ ಮಿಸ್ತ್ರಿ. ಹುಲಿಯನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು ಊರಿಗೆ ಬಂದೆ. ಮರುದಿನ ಮುಂಜಾನೆ ಅದು ಬೆಕ್ಕಿನಷ್ಟೂ ಸದ್ದು ಮಾಡಲಿಲ್ಲ. ಅದನ್ನು ಹೊಳೆಗೆ ನೂಕಿಬಿಡುವಷ್ಟು ಸಿಟ್ಟು ಬಂದಿತ್ತು.

ಆಗ ಅಣ್ಣನಿಗೆ ಕಾರಣ ಹೊಳೆಯಿತು. "ಮಧ್ಯಾಹ್ನ ಚಾಲೂ ಆಕ್ಕೈತಿ. ಗದಗಿನಾಗ ಚಾಲೂ ಆತು. ಮುಂಜಾನೆ ಇಲ್ಲಿ ಆಗಂಗಿಲ್ಲ. ಮುಂಜಾನೆ ಮೋಟಾರಿಗೆ ಯಾರ ಮಾರಿ ಬೀಳತೈತಿ ನೋಡು" ಎಂದ. ಗಂಡ ಸತ್ತವಳ ಮುಖ ಎದುರಾದರೆ ಕೆಲಸ ಕೆಡುತ್ತದೆ ಎನ್ನುವ ಮಾತು ಊರಲ್ಲಿ ಇದ್ದದ್ದೇ. ಅದನ್ನು ಸ್ವಂತ ತಂಗಿಗೆ, ಅವಳ ಕಿವಿಗೆ ಬೀಳುವಂತೆ ಹೇಳಿದ. ಮರುದಿನದಿಂದ ಮೋಟಾರು ಚಾಲೂ ಆಗುವವರೆಗೆ ಅವಳು ದಂಡೆಯ ಮೇಲಿನ ಬೇವಿನ ಮರದ ಹಿಂದೆ ನಿಲ್ಲಬೇಕೆಂದಾಯಿತು. ನಿಂತಳು. ಮೋಟಾರು ಆಗಲೂ ಏಳಲಿಲ್ಲ. "ಮರದ ಹಿಂದ ನಿಂತ್ರೇನು, ನೆರಳು ಬೀಳತೈತಲ್ಲ" ಎಂದ ಅಣ್ಣ. ಇಂಥವನ ಜೊತೆ ವಾದ ಮಾಡುವುದಾದರೂ ಹೇಗೆ? ಅಕ್ಕ ತಡವಾಗಿ ಹೋಗುತ್ತಲೇ ಇದ್ದಳು, ಹೆಡ್ ಮಾಸ್ತರರು ಗಡಿಯಾರ ನೋಡುತ್ತಲೇ ಇದ್ದರು.

ಕಮಿಟಿಯವರು ಬರುವ ದಿನ ಬಂತು. ಅಕ್ಕ ಅಣ್ಣನಿಗಿಂತ ಮೊದಲೇ ಎದ್ದು, ನನ್ನನ್ನೂ ಎಬ್ಬಿಸಿಕೊಂಡು ದಂಡೆಗೆ ಬಂದಳು. ಬೇವಿನ ಮರದ ಕಡೆ ಹೊರಳಿಯೂ ನೋಡದೆ ದೋಣಿ ಹತ್ತಿ, ಮೋಟಾರಿಗೆ ಎದುರಾಗಿಯೇ ಕೂತಳು.

"ಎಳಿ, ತಮ್ಮಾ."

"ಪೂಜಿ ಆಗಿಲ್ಲಲ್ಲ?"

"ನಾಳೆ ಎರಡ ಸಲ ಮಾಡಲಿ. ಇವತ್ತ ನಾ ಹೋಗಲಿಲ್ಲಂದ್ರ ಮತ್ತ ಹೋಗೂದ ಇಲ್ಲ. ಎಳಿ."

ಎಳೆದೆ. ಕೆಮ್ಮಿತು. ಮತ್ತೆ ಎಳೆದೆ. ಹೊಳೆಯ ಮೇಲಿನ ಮಂಜೆಲ್ಲ ನಡುಗುವಂತೆ ಚಾಲೂ ಆಯಿತು. ನಾನು ಬಾಯಿ ತೆರೆದುಕೊಂಡು ನಿಂತಿದ್ದೆ. ಅಕ್ಕನೇ ದೋಣಿ ಕಟ್ಟಿದ ಹಗ್ಗ ಬಿಚ್ಚಿದಳು.

ನಡುಹೊಳೆಗೆ ಬಂದ ಮೇಲೆ ಅವಳು ಮೋಟಾರನ್ನು ಬಹಳ ಹೊತ್ತು ನೋಡಿದಳು. "ಇವತ್ತ ಇದರ ಜಳಕ ಆಗಿಲ್ಲ ನೋಡು" ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ನೆತ್ತಿಯ ಮೇಲೆ ಸುರಿದ ನೀರು ಪ್ಲಗ್ಗಿಗೂ ತಂತಿಗೂ ಇಳಿದು, ಬಿಸಿಲಿಗೆ ಒಣಗುವವರೆಗೆ ಕಿಡಿಯೇ ಹಾರುತ್ತಿರಲಿಲ್ಲ. ಅಷ್ಟಕ್ಕಾಗಿ ಇವಳನ್ನು ಮರದ ಹಿಂದೆ ನಿಲ್ಲಿಸಿದ್ದೆವು.

ಅವಳು ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿದ್ದಳು. ಕಮಿಟಿಯವರು ಪಾಠ ಕೇಳಿದರು, ಕೆಲಸ ಕಾಯಂ ಆಯಿತು.

ಅಣ್ಣನಿಗೆ ಬಿಡಿಸಿ ಹೇಳಿದೆ. "ಪೂಜಿ ಮಾಡಿದ್ರ ಮೋಟಾರ್ ಕೆಡತೈತಿ ಅಂತೀಯೇನಲೇ?" ಎಂದು ನನ್ನ ಮೇಲೇ ಹರಿಹಾಯ್ದ. ಕಡೆಗೆ ನೆತ್ತಿಯ ಬದಲು ಪಾದಕ್ಕೆ, ಅಂದರೆ ರೆಕ್ಕೆಗೆ, ನೀರು ಹಾಕಲು ಹೇಗೋ ಒಪ್ಪಿಸಿದೆ. ಮೋಟಾರು ದಿನಾ ಮುಂಜಾನೆ ಚಾಲೂ ಆಗತೊಡಗಿತು. ಅದಕ್ಕೆ ಅಣ್ಣ ಕಂಡುಕೊಂಡ ಕಾರಣವೇ ಬೇರೆ. "ಆಕಿ ಕಾಲ್ಗುಣ. ಇನ್ನಮ್ಯಾಲ ದಿನಾ ಆಕಿನ ಮೊದಲ ಹತ್ತಲಿ." ಶಾಲೆ ಇಲ್ಲದ ದಿನ ನಾನು ಜೋಳ ತರಲು ಹೊರಟರೂ ಅಕ್ಕನನ್ನು ಎಬ್ಬಿಸಿ ತಂದು, ದೋಣಿಯಲ್ಲಿ ಕಾಲಿಡಿಸಿ, ಮನೆಗೆ ಕಳಿಸುತ್ತಿದ್ದ. ಜ್ವರ ಬಂದ ದಿನವೂ ಬಿಡಲಿಲ್ಲ. ನಾನು ತಲೆ ಚಚ್ಚಿಕೊಂಡೆ. ಅವಳು ಕಾಲಿಟ್ಟು, ಹೊರಳಿ ಮನೆಗೆ ಹೋಗುತ್ತಿದ್ದಳು.

ಎರಡೂ ದಂಡೆ ಒಂದೇ ರಾಜ್ಯವಾದ ವರ್ಷ ಅವಳು ಆಚೆ ಊರಿನಲ್ಲಿ, ಶಾಲೆಯ ಹತ್ತಿರವೇ ಒಂದು ಕೋಣೆ ಹಿಡಿದಳು. ಬಟ್ಟೆ, ಪಾತ್ರೆ ಗಂಟು ಕಟ್ಟಿಕೊಂಡು ಹೋದಳು. ಅಣ್ಣ ಎಷ್ಟು ಕೂಗಾಡಿದರೂ ನಿಲ್ಲಲಿಲ್ಲ. ಮುಂದಿನ ರವಿವಾರ ನಮ್ಮನ್ನು ನೋಡಲು ಬಂದಳು, ಹರಿಗೋಲಿನಲ್ಲಿ. ದಂಡೆಯಲ್ಲಿ ನಿಂತಿದ್ದ ಅಣ್ಣನ ಮುಖ ಕೆಂಪಾಯಿತು.

"ಹೇಳಿ ಕಳಿಸಿದ್ರ ಮೋಟಾರ್ ತರತಿದ್ದಿಲ್ಲೇನು?"

"ಹರಿಗೋಲಿನಾಗ ಕುಂತ್ರ ಬರೇ ಕುಂತಂಗ, ಅಣ್ಣಾ" ಎಂದಳು ಅಕ್ಕ, ಸೀರೆಯ ನೆರಿಗೆ ಹಿಂಡಿಕೊಳ್ಳುತ್ತ. "ಅಲ್ಲಿ ನಂದು ಕೆಟ್ಟ ಮಾರೀನೂ ಅಲ್ಲ, ಚಲೋ ಕಾಲೂ ಅಲ್ಲ."

ನಾನು ಅವಳ ಚೀಲ ಎತ್ತಿಕೊಂಡು ಮನೆಯ ಕಡೆ ನಡೆದೆ.