ಆಕಾಶಕ್ಕೆ ಬಿಡದ ಗ್ಯಾಸು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಔಷಧಿ ಅಂಗಡಿಯ ತಾರಸಿಯ ಮೇಲೆ ಗ್ಯಾಸಕ್ಕ ಕುಕ್ಕರಗಾಲಲ್ಲಿ ಕೂತು, ಕೆಟ್ಟುನಿಂತ ಕೂಲಿಂಗ್ ಯಂತ್ರಕ್ಕೆ ಪೈಪು ಸಿಕ್ಕಿಸುತ್ತಿದ್ದಾರೆ. ಕೆಳಗಿನ ತಂಪುಕೋಣೆಯಲ್ಲಿದ್ದ ಇನ್ಸುಲಿನ್, ಲಸಿಕೆಗಳೆಲ್ಲ ಈಗ ಐಸ್ ತುಂಬಿದ ಡಬ್ಬಗಳಲ್ಲಿವೆ. ಆ ಐಸ್ ಕರಗುವುದರೊಳಗೆ ಹೊಸ ಕಂಪ್ರೆಸರ್ ಕೂರಬೇಕು. ಇಲ್ಲದಿದ್ದರೆ ಅಷ್ಟೂ ಮದ್ದು ಹಾಳು.

ಹಳೆಯದನ್ನು ಬಿಚ್ಚುವ ಮುಂಚೆ ಒಳಗಿರುವ ಗ್ಯಾಸು ತೆಗೆಯಬೇಕಲ್ಲ, ಇವರ ಕಥೆ ಇರುವುದೇ ಅಲ್ಲಿ. ಸುತ್ತಮುತ್ತಲಿನ ಮೆಕ್ಯಾನಿಕ್‌ಗಳು ಪೈಪು ಸಡಿಲಿಸಿ ಬುಸ್ಸೆಂದು ಗಾಳಿಗೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಇವರು ಮಾತ್ರ ಪಂಪು ಹಚ್ಚಿ ಸಿಲಿಂಡರಿಗೆ ಎಳೆದುಕೊಳ್ಳುತ್ತಾರೆ. ಅಡ್ಡಹೆಸರು ಬಂದದ್ದು ಹಾಗೆ. ಇಟ್ಟವರು ಗಂಡನೇ, ಅವರೂ ಮೆಕ್ಯಾನಿಕ್ಕು.

ಇವರ ಕೆಲಸ ನೋಡಲು ಜೊತೆಗೆ ಬಂದ ನಾನು, ಯಾಕಿಷ್ಟು ರಗಳೆ ಎಂದು ಕೇಳುತ್ತೇನೆ. ಕೈ ನಿಲ್ಲಿಸದೆಯೇ ಹೇಳುತ್ತಾರೆ: "ಬಿಸಿಲಿಗೆ ನೆಲ ಕಾಯುತ್ತೆ, ಆ ಕಾವು ವಾಪಸ್ ಮೇಲಕ್ಕೆ ಹೋಗುತ್ತೆ. ಗಾಳೀಲಿರೋ ಕೆಲವು ಗ್ಯಾಸು ಅದನ್ನ ತಡೆಯುತ್ತೆ, ಕಂಬಳಿ ಥರ. ಕಂಬಳಿ ಬೇಕು, ಇಲ್ದಿದ್ರೆ ಎಲ್ಲ ಮರಗಟ್ಟಿ ಹೋಗ್ತಿದ್ವಿ. ಆದ್ರೆ ಕಲ್ಲಿದ್ದಲು, ಪೆಟ್ರೋಲು ಸುಟ್ಟೂ ಸುಟ್ಟೂ ಕಂಬಳಿ ದಪ್ಪ ಮಾಡ್ತಾ ಇದೀವಿ. ಇದರೊಳಗಿನ ಗ್ಯಾಸಂತೂ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಕಾವು ಹಿಡಿಯುತ್ತೆ."

ತರಬೇತಿಯಲ್ಲಿ ಕೇಳಿದ ಈ ಮಾತು ಗ್ಯಾಸಕ್ಕನ ಮನಸ್ಸಿಗೆ ನಾಟಿದ್ದು ಹೋದ ಬೇಸಿಗೆಯಲ್ಲಿ, ಅತ್ತೆ ಅಡುಗೆಮನೆಯಲ್ಲೇ ಸೆಕೆಗೆ ತಲೆಸುತ್ತಿ ಬಿದ್ದಾಗ. ಈಗ ಅವರು ಮಧ್ಯಾಹ್ನವೆಲ್ಲ ಒದ್ದೆ ಟವೆಲ್ ಹೊದ್ದು ಬಚ್ಚಲಿನ ನೆಲದ ಮೇಲೆ ಮಲಗುತ್ತಾರೆ. ನೀನು ಗ್ಯಾಸು ಹಿಡಿದಿದ್ದಕ್ಕೆ ನನಗೇನು ತಂಪಾಯ್ತೇ ಎಂದು ಅಲ್ಲಿಂದಲೇ ಸೊಸೆಯನ್ನು ಛೇಡಿಸುತ್ತಾರಂತೆ.

ಬಿಸಿಲೇರುತ್ತದೆ. ಸಿಲಿಂಡರ್ ಕಾದು ಒತ್ತಡ ಹೆಚ್ಚಿದಂತೆ ಗ್ಯಾಸು ಒಳಗೆ ಹೋಗಲು ಮೊಂಡಾಟ ಹೂಡುತ್ತದೆ. ಸಿಲಿಂಡರನ್ನು ಐಸ್ ನೀರಿನ ಟಬ್ಬಿನಲ್ಲಿಟ್ಟರೆ ಸರಿಹೋಗುತ್ತಿತ್ತು, ಆದರೆ ಐಸೆಲ್ಲ ಡಬ್ಬಗಳಲ್ಲಿದೆ. ಕೆಳಗೆ ಕೇಳಿ ಕಳಿಸಿದರೆ ಅಂಗಡಿಯವರು ರೇಗುತ್ತಾರೆ: "ಮದ್ದಿಗಿರೋ ಐಸು ನಿಮ್ಮ ಸಿಲಿಂಡರಿಗೆ ಯಾಕಕ್ಕಾ?" ಇನ್ನು ಕಾಯಲಾಗದೆಂದು ಅವರು ಫೋನು ಮಾಡಿ ಕರೆಸುವುದು ಯಾರನ್ನು? ಗ್ಯಾಸಕ್ಕನ ಗಂಡನನ್ನೇ.

ಅವರು ಸ್ಪ್ಯಾನರ್ ಹಿಡಿದೇ ಮೆಟ್ಟಿಲು ಹತ್ತಿ ಬಂದು, ಒತ್ತಡ ತೋರಿಸುವ ಮೀಟರಿನ ಮುಳ್ಳು ನೋಡುತ್ತಾರೆ. "ಗಾಳಿಗೆ ಬಿಟ್ಬಿಡೇ. ಇದೊಂದರಿಂದ ಲೋಕ ಮುಳುಗಲ್ಲ."

ಗ್ಯಾಸಕ್ಕ ಪೈಪಿನ ಮೇಲಿಟ್ಟ ಕೈ ತೆಗೆಯುವುದಿಲ್ಲ. "ಮದ್ದು ಕೆಡೋ ಹಾಗಾದ್ರೆ ನಾನೇ ಬಿಡ್ತೀನಿ. ಡಬ್ಬದ ಥರ್ಮಾಮೀಟರ್ ನೋಡ್ಕೊಂಡು ಬನ್ನಿ."

ಅವರು ಇಳಿದು ಹೋಗುತ್ತಾರೆ. ನಾನು ಮುಳ್ಳು ನೋಡುತ್ತೇನೆ, ಅದು ಅಲ್ಲಾಡುವುದಿಲ್ಲ. ಅವರು ವಾಪಸ್ ಬಂದಾಗ ಕೈಯಲ್ಲಿ ಸ್ಪ್ಯಾನರ್ ಇಲ್ಲ, ನೀರು ಸೋರುವ ಗೋಣಿಚೀಲವಿದೆ. ಐಸು ಇನ್ನೂ ಸ್ವಲ್ಪ ಹೊತ್ತು ತಡೆಯುತ್ತಂತೆ, ಎನ್ನುತ್ತಾರೆ. ಚೀಲವನ್ನು ಸಿಲಿಂಡರಿಗೆ ಸುತ್ತಿ, ಬೆನ್ನನ್ನು ಬಿಸಿಲಿಗೊಡ್ಡಿ, ತಮ್ಮ ನೆರಳು ಅದರ ಮೇಲೆ ಬೀಳುವಂತೆ ನಿಲ್ಲುತ್ತಾರೆ. ಅಂಗಿ ಬೆವರಿ ಅಂಟಿಕೊಳ್ಳುವ ಹೊತ್ತಿಗೆ ಮುಳ್ಳು ಇಳಿಯತೊಡಗುತ್ತದೆ, ಉಳಿದ ಗ್ಯಾಸು ಸಿಲಿಂಡರಿನೊಳಗೆ ಸರಿಯುತ್ತದೆ.

ಹೊಸ ಕಂಪ್ರೆಸರ್ ಗುಂಯ್‌ಗುಡುತ್ತದೆ. ಮದ್ದು ಕೋಣೆಗೆ ಮರಳುತ್ತದೆ. ತಾರಸಿಯ ಮೇಲಿನ ಫ್ಯಾನು ಒಳಗಿನ ಬಿಸಿಯನ್ನೆಲ್ಲ ನಮ್ಮ ಮುಖಕ್ಕೇ ಉಗುಳುತ್ತದೆ. ಗ್ಯಾಸಕ್ಕನ ಫೋನು ಆಗಲೇ ಹೊಡೆದುಕೊಳ್ಳುತ್ತಿದೆ, ಇನ್ನೆಲ್ಲೋ ಏನೋ ಕೆಟ್ಟಿದೆ.

"ಎಲ್ಲರೂ ಕೆಲಸ ಜಾಸ್ತಿ ಬರ್ಲಿ ಅಂತಾರೆ," ಅವರು ಸಿಲಿಂಡರ್ ಹೆಗಲಿಗೇರಿಸುತ್ತಾರೆ. "ನನಗೆ ಒಂದು ಬೇಸಿಗೆಯಾದ್ರೂ ಕೆಲಸ ಕಮ್ಮಿ ಆಗ್ಬೇಕು."