ಮೂರು ಪರದೆ ಮಾವ

ಕಂಪ್ಯೂಟರ್ ಅಂಗಡಿಯವರು ಬೆನ್ನ ಹಿಂದೆ ಅವರನ್ನು ಕರೆಯುವುದೇ 'ಮೂರು ಪರದೆ ಮಾವ' ಎಂದು. ಅನುವಾದ ಮಾಡಿ ಬದುಕುವ ಈ ಮನುಷ್ಯನ ಕೈಗೆ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್ ಕೊಟ್ಟರೆ ಅದರ ಮುಖ ನೋಡುವುದಿಲ್ಲ, ಸೀದಾ ತಿರುಗಿಸಿ ಬೆನ್ನು ನೋಡುತ್ತಾರೆ. ಮೂರು ಮಾನಿಟರಿಗೆ ತಂತಿ ಸಿಕ್ಕಿಸುವ ಮೂರು ಪೋರ್ಟ್ ಇರಬೇಕು, ವಿಂಡೋಸ್ ಬದಲು ಅವರು ಹಾಕಿಕೊಂಡಿರುವ ಲಿನಕ್ಸಿನಲ್ಲಿ ತಂಟೆಯಿಲ್ಲದೆ ನಡೆಯಬೇಕು, ಒಂದೊಂದು ಪರದೆಯಲ್ಲೂ ಅಕ್ಷರ ಬೇರೆ ಬೇರೆ ಅಳತೆಯಲ್ಲಿ ಬರಬೇಕು. ಬಣ್ಣದ ದೀಪ ಮಿನುಗುವ ಕಾರ್ಡು ತೋರಿಸಿದರೆ, "ನಾನೇನು ಸರ್ಕಸ್ ನಡೆಸ್ತಿದೀನಾ?" ಎಂದು ಸಿಡುಕುತ್ತಾರೆ. "ಎಲ್ಲರ ಹಾಗೆ ವಿಂಡೋಸ್ ಹಾಕ್ಕೊಂಡ್ಬಿಡಿ ಸಾರ್, ತಲೆನೋವೇ ಇರಲ್ಲ" ಎಂದು ಅಂಗಡಿಯಾತ ಬಾಯಿಬಿಟ್ಟನೋ, ಅವನ ಕಥೆ ಮುಗಿಯಿತು. "ತಲೆ ನಂದು, ನೋವೂ ನಂದೇ. ನಿಮಗೇನ್ರೀ ಕಷ್ಟ?" ಅಪ್‌ಡೇಟ್ ಆಗಿ ಪರದೆ ಕಪ್ಪಾದರೂ ಯಾರನ್ನೂ ಕರೆಯುವುದಿಲ್ಲ, ತೋಳು ಮಡಚಿ ಕೂತರೆ ಯಂತ್ರ ಶರಣಾದ ಮೇಲೇ ಏಳುವುದು. "ಒಬ್ರಿಗೆ ಎರಡು ಪರದೆ ಸಾಲ್ದಾ ಸಾರ್?" ಎಂದು ಕೇಳಿದರೆ, "ಸಾಲಲ್ಲ" ಎಂದಷ್ಟೇ ಗುರುಗುಟ್ಟುತ್ತಾರೆ. ಮನೆಗೆ ಹೋದವರಿಗೆ ಮಾತ್ರ ಗೊತ್ತು, ಆ ಮೂರನೆಯ ಪರದೆ ಅವರ ಕಡೆಗೆ ತಿರುಗಿಯೇ ಇಲ್ಲ. ಅದರ ಮುಂದೆ ಕೂರುವುದು ಅವರ ಹೆಂಡತಿ. ಇವರು ಬರೆದದ್ದೆಲ್ಲ ಅಲ್ಲಿ ಅಂಗೈಯಗಲದ ಅಕ್ಷರಗಳಲ್ಲಿ ಮೂಡುತ್ತದೆ. ಕಣ್ಣು ಮಂಜಾಗುತ್ತಿದೆ, ಇನ್ನು ಓದುವುದನ್ನು ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದಾಗ ಆಕೆ ಗಂಡನ ಕಡೆ ತಿರುಗಿ, "ನಾನು ನೋಡ್ದೆ ನಿಮ್ಮ ಒಂದು ಪುಟಾನೂ ಆಚೆ ಹೋಗಿಲ್ಲ, ಇನ್ಮುಂದೆಯೂ ಹೋಗಲ್ಲ" ಅಂದಿದ್ದರು. ಈಗಲೂ ಆಕೆ ಪರದೆಗೆ ಮೂಗು ತಾಗಿಸಿ, "ಈ ಪದ ಸರಿಯಿಲ್ಲ, ತೆಗೀರಿ" ಎಂದರೆ, ಯಾರ ಮಾತಿಗೂ ಜಗ್ಗದ ಮಾವ ತೆಪ್ಪಗೆ ಆ ಪದ ತೆಗೆದು, ಆಕೆಯ ಪರದೆಯ ಅಕ್ಷರವನ್ನು ಇನ್ನೊಂದಿಷ್ಟು ದೊಡ್ಡದು ಮಾಡುತ್ತಾರೆ.