ನಮ್ಮ ಭಾವ ಮಾನಿಟರ್ ಆರಿಸಿದ ಬಗೆ

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಪಂಪು ತಯಾರಿಸುವ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿದ್ದಾರೆ. ಅಲ್ಲಿ ಒಂದು ನಟ್ಟು ಕೊಳ್ಳಬೇಕಾದರೂ ಮೂರು ಅಂಗಡಿಗಳಿಂದ ಕೊಟೇಶನ್ ತರಿಸಿ, ಪಕ್ಕಪಕ್ಕ ಬರೆದು, ಹೋಲಿಸಿ, ಮೇಲಿನವರ ಸಹಿ ಹಾಕಿಸಬೇಕು. ಬೇರೆಯವರು ಈ ಪದ್ಧತಿಯನ್ನು ಸಂಜೆ ಗೇಟಿನಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಭಾವ ಅದನ್ನು ಜೊತೆಗೇ ತರುತ್ತಾರೆ. ಪೊರಕೆ ಕೊಳ್ಳುವಾಗಲೂ ಕೊಟೇಶನ್ ಕೇಳಿದ ಮನುಷ್ಯ. ಅಂಗಡಿಯವನು ಆ ಪೊರಕೆಯನ್ನೇ ತಿರುಗಿಸಿ ಹಿಡಿದ ಮೇಲೆ ಅಲ್ಲಿಂದ ಕಾಲು ಕಿತ್ತರಂತೆ. ಕಾರ್ಖಾನೆಯವರು ಬೆನ್ನ ಹಿಂದೆ ಅವರನ್ನು ‘ಕೊಟೇಶನ್’ ಎಂದೇ ಕರೆಯುತ್ತಾರೆ. ಎದುರಿಗೂ ಹಾಗೇ ಕರೆಯುತ್ತಾರೆ. ಭಾವನ ಕಿವಿಗೆ ಅದು ಬಿರುದು.

ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಯಿಲ್ಲದೆ ಇರುವ ಭಾವಮೈದುನ. ಹಾಗಾಗಿ ಎದುರಿಗೆ ಬಾಯಿಗೆ ಬೀಗ. ಇಲ್ಲಿ ಬರೆದು ತೀರಿಸಿಕೊಳ್ಳುತ್ತಿದ್ದೇನೆ.

ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಫ್ರಿಜ್ಜಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ಒಂದು ಮೇಜಿನ ಮೇಲಿದೆ. ಹಗಲು ಅದು ಅಕ್ಕನದು. ಅವಳು ಒಂದು ಮುದ್ರಣಾಲಯಕ್ಕೆ ಮನೆಯಿಂದಲೇ ಕರಡು ನೋಡಿಕೊಡುತ್ತಾಳೆ. ಔಷಧಿಯ ಡಬ್ಬಿ, ಸೋಪಿನ ಹೊದಿಕೆ, ಎಣ್ಣೆ ಬಾಟಲಿಯ ಲೇಬಲ್ಲು, ಯಾವುದೇ ಆಗಲಿ, ಅಚ್ಚಿಗೆ ಹೋಗುವ ಮುಂಚೆ ಅಕ್ಷರವನ್ನೂ ಬಣ್ಣವನ್ನೂ ನೋಡಿ ‘ಸರಿ’ ಅನ್ನಬೇಕಾದವಳು ಅವಳು. ಅವಳು ಸರಿ ಅಂದರೆ ಲಕ್ಷಗಟ್ಟಲೆ ಡಬ್ಬಿ ಅಚ್ಚಾಗುತ್ತವೆ. ಈ ಕೆಲಸದ ಬಗ್ಗೆ ಅಕ್ಕನಿಗೆ ಎಷ್ಟು ಹೆಮ್ಮೆಯೆಂದರೆ, ಔಷಧಿ ಅಂಗಡಿಗೆ ಹೋದರೆ ಕೊಳ್ಳುವುದನ್ನು ಬಿಟ್ಟು ಕಪಾಟಿನತ್ತ ಬೆರಳು ಮಾಡಿ, “ಅದು ನಂದು, ಅದೂ ನಂದೇ” ಅನ್ನುತ್ತಾಳೆ.

ಸಂಜೆಯಾದರೆ ಅದೇ ಕುರ್ಚಿಯಲ್ಲಿ ಭಾವ ಕಿವಿಗೆ ಹೆಡ್‌ಫೋನ್ ಏರಿಸಿ ಯುದ್ಧಕ್ಕೆ ಹೊರಡುತ್ತಾರೆ. ಎಲ್ಲೆಲ್ಲಿಯೋ ಕೂತವರೆಲ್ಲ ತಂಡ ಕಟ್ಟಿಕೊಂಡು ಗುಂಡು ಹಾರಿಸುವ ಆಟ. ಕಾರ್ಖಾನೆಯಲ್ಲಿ ದಿನವಿಡೀ ತಲೆಬಾಗಿಸಿ ಬಂದವರು ಇಲ್ಲಿ ತಂಡದ ನಾಯಕರು. ಸಾಮಾನ್ಯವಾಗಿ ಮೊದಲು ಸಾಯುವವರೂ ಅವರೇ.

ಮಾನಿಟರಿಗೆ ವಯಸ್ಸಾಗಿತ್ತು. ಬಿಳಿ ಇರಬೇಕಾದದ್ದು ನೀರು ಜಾಸ್ತಿಯಾದ ಟೀ ಬಣ್ಣಕ್ಕೆ ತಿರುಗಿತ್ತು, ಎಡ ಮೂಲೆ ಮಂಕಾಗಿತ್ತು. ಅಕ್ಕನಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯಲು ಶುರುವಾಗುತ್ತಿತ್ತು. “ರೀ, ಹೊಸದೊಂದು ತಗೊಳ್ಳೋಣ” ಎಂದಳು. ಭಾವ ತಕ್ಷಣ ಒಪ್ಪಿಕೊಂಡರು. “ತಗೊಳ್ಳೋಣ. ಆದ್ರೆ ಸುಮ್ನೆ ಹೋಗಿ ತರೋಕಾಗಲ್ಲ, ನೋಡಿ ಆರಿಸ್ಬೇಕು.” ನಮ್ಮ ಗ್ರಹಚಾರ ಕೆಟ್ಟದ್ದು ಆ ದಿನ.

ಊಟಕ್ಕೆ ಕೂತರೆ ಹರ್ಟ್ಜ್, ಎದ್ದರೆ ಪ್ಯಾನೆಲ್. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಅನ್ನುವುದಕ್ಕೆ ಹರ್ಟ್ಜ್ ಅನ್ನುತ್ತಾರೆಂದು ನಾನು ಅನ್ನದ ತಟ್ಟೆಯ ಮುಂದೆ ಕಲಿತೆ. ನಮ್ಮದು ಅರವತ್ತು. ಆಟ ಆಡುವವರಿಗೆ ನೂರನಲವತ್ತನಾಲ್ಕಾದರೂ ಬೇಕಂತೆ. ಬಾಗಿದ ಪರದೆ ತಂದರೆ ಅಕ್ಕನ ಡಬ್ಬಿಗಳ ಗೆರೆಗಳು ಡೊಂಕಾಗಿ ಕಾಣುತ್ತವೆ. ಚಪ್ಪಟೆಯದು ತಂದರೆ ಭಾವನ ಶತ್ರುಗಳು ಮೂಲೆಯಲ್ಲಿ ತಪ್ಪಿಸಿಕೊಳ್ಳುತ್ತಾರೆ. ಸಣ್ಣದಾದರೆ ಅಕ್ಷರ ಸಣ್ಣದು, ದೊಡ್ಡದಾದರೆ ಫ್ರಿಜ್ಜಿನ ಬಾಗಿಲು ತೆರೆಯುವುದಿಲ್ಲ. ಹೀಗೆ ಅಳೆದು ಸುರಿದು ಭಾವ ಪ್ರತಿಯೊಂದಕ್ಕೂ ಮೂಗು ಮುರಿದರು.

ಆಟದಲ್ಲಿ ಸತ್ತಾಗಲೆಲ್ಲ ನನ್ನನ್ನು ಕರೆಯುತ್ತಿದ್ದರು. “ನೋಡಿದ್ಯೇನಯ್ಯ? ಎಲ್ಲಾ ಅರವತ್ತು ಹರ್ಟ್ಜಿನ ಮಹಿಮೆ. ಅವನು ಬಂದಿದ್ದು ನಂಗೆ ಗೊತ್ತಾಗೋಷ್ಟರಲ್ಲಿ ನಾನು ಸತ್ತಾಗಿತ್ತು!”

ನಾನು ನೋಡಿದ್ದೆ. ಅವನು ಬಾಗಿಲಿನಿಂದಲೇ, ಮನೆಗೆ ಬಂದ ನೆಂಟನ ಹಾಗೆ ನಿಧಾನಕ್ಕೆ ನಡೆದು ಬಂದಿದ್ದ.

ಇದರ ಮಧ್ಯೆ ಅಕ್ಕನ ಕೆಲಸಕ್ಕೆ ಸಂಚಕಾರ ಬಂತು. ಒಂದೇ ಔಷಧಿ, ಮಕ್ಕಳಿಗೆ ಬಿಳಿ ಡಬ್ಬಿ, ದೊಡ್ಡವರಿಗೆ ಕೆನೆ ಬಣ್ಣದ ಡಬ್ಬಿ. ವಿನ್ಯಾಸ ಮಾಡಿದವನು ಮರೆತು ದೊಡ್ಡವರದ್ದನ್ನೂ ಬಿಳಿ ಮಾಡಿಟ್ಟಿದ್ದ. ನಮ್ಮ ಪರದೆಯಲ್ಲಿ ಬಿಳಿಯೆಂಬುದೇ ಇರಲಿಲ್ಲವಲ್ಲ, ಅಕ್ಕನಿಗೆ ಅದು ಚೆನ್ನಾದ ಕೆನೆ ಬಣ್ಣವಾಗಿಯೇ ಕಂಡಿತು. ಸರಿ ಅಂದಳು. ಅಚ್ಚಿನ ಯಂತ್ರದವನ ಕಣ್ಣಿಗೆ ಬಿದ್ದದ್ದರಿಂದ ಉಳಿಯಿತು. ಮುದ್ರಣಾಲಯದ ಮಾಲೀಕರು ಫೋನು ಮಾಡಿದರು. “ಮೇಡಂ, ಈ ಸಲ ಬಚಾವಾದ್ವಿ. ಔಷಧಿ ವಿಷಯ ನೋಡಿ. ಇನ್ನೊಂದ್ಸಲ ಹೀಗಾದ್ರೆ ಕೆಲಸ ಬೇರೆಯವರಿಗೆ ಕೊಡ್ಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ.”

ಅಕ್ಕ ಅವತ್ತು ಊಟ ಮಾಡಲಿಲ್ಲ. ಭಾವ ಎಲ್ಲವನ್ನೂ ಕೇಳಿ, ಗಂಭೀರವಾಗಿ ತಲೆಯಾಡಿಸಿ, “ಹಾಗಾದ್ರೆ ಮಾನಿಟರ್ ವಿಷಯದಲ್ಲಿ ಇನ್ನು ಆತುರ ಪಡೋ ಹಾಗೇ ಇಲ್ಲ” ಎಂದರು. ನನಗೆ ಪಿತ್ತ ನೆತ್ತಿಗೇರಿತು. ಕೊಡದ ಬಾಡಿಗೆ ನೆನಪಾಗಿ ಸುಮ್ಮನಾದೆ.

ಅಂದಿನಿಂದ ಅಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದು ಡಬ್ಬಿಯನ್ನೂ ಎರಡೆರಡು ಸಲ ನೋಡತೊಡಗಿದಳು. ತಲೆನೋವೂ ಎರಡರಷ್ಟಾಯಿತು. ಭಾವ ಮಾತ್ರ ಕೈತೊಳೆದುಕೊಂಡು ಮಾನಿಟರುಗಳ ಹಿಂದೆ ಬಿದ್ದರು. ಅವುಗಳ ಗುಣದೋಷ ಹೇಳುವ ವೀಡಿಯೋ ಒಂದನ್ನೂ ಬಿಡಲಿಲ್ಲ.

ಕೊನೆಗೊಂದು ರಜಾದಿನ ಬೆಳಿಗ್ಗೆ ತೀರ್ಮಾನ ಹೇಳುತ್ತೇನೆಂದು ನಮ್ಮಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿದರು. ಮೂರು ಮಾನಿಟರು ಉಳಿದಿದ್ದವಂತೆ. ಮೂರರ ವೀಡಿಯೋವನ್ನೂ ಒಂದಾದ ಮೇಲೊಂದು ಹಾಕಿದರು.

“ಮೊದಲನೇದು ನೋಡು. ಬಿಳಿ ಬಿಳಿಯಾಗಿದ್ಯಾ? ಇಲ್ಲ, ಟೀ ಬಣ್ಣ. ಎರಡನೇದು? ಅದೂ ಅಷ್ಟೇ. ಈ ಮೂರನೇದು ಎಲ್ಲಕ್ಕಿಂತ ದುಬಾರಿ, ಅದರ ಎಡ ಮೂಲೆನೂ ಮಂಕು! ಬಣ್ಣ ಹಾಗೆ, ಹೊಳಪು ಹೀಗೆ ಅಂತ ಹೇಳೋದೆಲ್ಲ ಬರೀ ಬೊಗಳೆ. ನಮ್ಮದಕ್ಕಿಂತ ಎಳ್ಳಷ್ಟೂ ಮೇಲಿಲ್ಲ. ಇದಕ್ಕೆ ಹೊಸದು ಯಾಕೆ?”

ಅಕ್ಕ ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. “ರೀ, ಈ ವೀಡಿಯೋ ಎಲ್ಲ ಯಾವುದರಲ್ಲಿ ನೋಡಿದ್ರಿ?”

“ಇದರಲ್ಲೇ.”

“ಎಲ್ಲಾನೂ?”

“ಹೂಂ ಮತ್ತೆ! ಒಂದೇ ಪರದೆಯಲ್ಲಿ ನೋಡಿದ್ರೆ ತಾನೇ ಹೋಲಿಕೆ ನ್ಯಾಯವಾಗಿರೋದು?”

ನಾನು ನಕ್ಕುಬಿಟ್ಟೆ. ಮಹಡಿಯ ಕೋಣೆ ಹೋದರೆ ಹೋಗಲಿ ಅನ್ನಿಸಿತು. ಅಕ್ಕ ನಗಲಿಲ್ಲ.

“ಕಪ್ಪು ಕನ್ನಡಕ ಹಾಕ್ಕೊಂಡು ಬಿಳಿ ಬಟ್ಟೆ ಹುಡುಕಿದ ಹಾಗಾಯ್ತಲ್ಲ ರೀ! ಮಂಕಾಗಿರೋದು ಅವುಗಳಲ್ಲ, ನಮ್ಮದು. ಇಷ್ಟು ದಿನದಿಂದ ತಲೆನೋವು ತಲೆನೋವು ಅಂತ ಬಡ್ಕೋತಾ ಇದ್ದೀನಿ. ಊರವರೆಲ್ಲ ಹೇಳೋದನ್ನ ಕೂತ್ಕೊಂಡು ಕೇಳಿದ್ರಿ, ಪಕ್ಕದಲ್ಲಿರೋಳ ಮಾತು ಒಂದಿನ ಕೇಳ್ಲಿಲ್ಲ.” ಭಾವ ಪರದೆ ನೋಡಿದರು, ಅಕ್ಕನನ್ನು ನೋಡಿದರು. ಮುಖ ಹುಳ್ಳಗಾಯಿತು.

ಅಕ್ಕ ಚೀಲಕ್ಕೆ ಒಂದು ಬಿಳಿ ಡಬ್ಬಿ, ಒಂದು ಕೆನೆ ಬಣ್ಣದ ಡಬ್ಬಿ, ಒಂದು ಪೆನ್ ಡ್ರೈವ್ ಹಾಕಿಕೊಂಡು ನನ್ನನ್ನು ಎಬ್ಬಿಸಿಕೊಂಡು ಹೊರಟಳು. ಅಂಗಡಿಯವನು ಹರ್ಟ್ಜಿನಿಂದ ಶುರು ಮಾಡಿದ. “ಅದೆಲ್ಲ ನಮ್ಮನೇಲಿ ಬೇಕಾದಷ್ಟಿದೆ” ಎಂದಳು. ತನ್ನ ಕೆಲಸದ ಕಡತವನ್ನೇ ಅಲ್ಲಿನ ಪರದೆಗಳಲ್ಲಿ ತೆರೆಸಿ, ಡಬ್ಬಿಗಳನ್ನು ಪಕ್ಕಕ್ಕೆ ಹಿಡಿದು ನೋಡಿದಳು. ಸಣ್ಣ ಅಕ್ಷರ ಓದಿದಳು. ಒಂದರ ಮುಂದೆ ನಿಂತು, “ಇದು” ಎಂದಳು. ಆಮೇಲೆ ಒಂದು ಗಳಿಗೆ ತಡೆದು ಕೇಳಿದಳು: “ಆಟಕ್ಕೂ ಆಗುತ್ತಾ?”

“ಚೆನ್ನಾಗಿ ಆಗುತ್ತೆ ಮೇಡಂ.”

“ಹಾಗಾದ್ರೆ ಪ್ಯಾಕ್ ಮಾಡಿ.”

ನಾನಾಗಿದ್ದರೆ ಕೇಳುತ್ತಿರಲಿಲ್ಲ.

ಮನೆಯಲ್ಲಿ ಭಾವ ಮೇಜಿನ ಕೆಳಗೆ ತೂರಿ ಕೇಬಲ್ ಜೋಡಿಸಿದರು. ಅಕ್ಕ ಹಿಂದಿನ ದಿನ ತಾನು ಸರಿ ಎಂದು ಕಳಿಸಿದ್ದ ಸೋಪಿನ ಹೊದಿಕೆಯನ್ನು ತೆರೆದಳು. ತೆರೆದವಳೇ ಬಾಯಿಗೆ ಕೈ ಹಿಡಿದುಕೊಂಡಳು. ಬಿಳಿ ಹಿನ್ನೆಲೆಯಲ್ಲಿ, ತೀರಾ ತಿಳಿ ಹಳದಿಯಲ್ಲಿ, ಬೇರೊಂದು ಸೋಪಿನ ಹೆಸರು ನಿಂತಿತ್ತು. ಹಳೆಯ ವಿನ್ಯಾಸ ಅಳಿಸುವಾಗ ಉಳಿದುಹೋದದ್ದು. ಹಳೆಯ ಪರದೆಯ ಹಳದಿಯಲ್ಲಿ ಅದು ಕಂಡೇ ಇರಲಿಲ್ಲ. ಒಬ್ಬರ ಸೋಪಿನ ಮೇಲೆ ಇನ್ನೊಬ್ಬರ ಹೆಸರು!

ಅವಳು ಮಾಲೀಕರಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿದಳು. ಅಚ್ಚು ಇನ್ನೂ ಶುರುವಾಗಿರಲಿಲ್ಲ. “ನಿಲ್ಲಿಸ್ತೀನಿ. ಆದ್ರೆ ಮೇಡಂ, ಹೋದ ಸಲವೇ ಹೇಳಿದ್ದೆ ಅಲ್ವಾ…” ಎಂದು ಅವರು ಮಾತು ಎಳೆದರು.

“ಹೌದು ಸಾರ್. ತಪ್ಪು ನಂದೇ” ಎಂದಳು ಅಕ್ಕ.

ಭಾವ ಮೇಜಿನ ಕೆಳಗಿನಿಂದ ಎದ್ದು ಬಂದು ಫೋನು ಕಿತ್ತುಕೊಂಡರು. “ಸಾರ್, ನಾನು ಇವಳ ಯಜಮಾನ. ತಪ್ಪು ಇವಳದಲ್ಲ. ಪರದೆ ಕೆಟ್ಟಿದೆ ಅಂತ ಇವಳು ಎಂಟು ತಿಂಗಳಿಂದ ಹೇಳ್ತಾನೇ ಇದ್ಲು. ಹೊಸದನ್ನ ಆರಿಸ್ತೀನಿ ಅಂತ ಕೂತಿದ್ದವನು ನಾನು.”

“ಎಂಟು ತಿಂಗಳಲ್ಲಿ ಏನ್ ಆರಿಸಿದ್ರಿ?”

“ಏನೂ ಇಲ್ಲ ಸಾರ್.”

“ಮತ್ತೆ ಈಗ ತಪ್ಪು ಕಂಡಿದ್ದು ಹೇಗೆ?”

“ಇವಳೇ ಬೆಳಿಗ್ಗೆ ಹೋಗಿ, ಊಟದ ಹೊತ್ತಿಗೆ ಹೊಸದು ತಂದ್ಲು.”

ಭಾವನ ಹಣೆಯ ಮೇಲೆ ಬೆವರಿಳಿಯುತ್ತಿತ್ತು. ಅವರನ್ನು ನಾನು ಮೊದಲ ಸಲ ನಿಜವಾಗಿ ಮೆಚ್ಚಿಕೊಂಡದ್ದು ಆಗಲೇ.

“ಸರಿ, ಮೇಡಂ ಕೆಲಸ ಮುಂದುವರಿಸ್ಲಿ” ಎಂದರು ಮಾಲೀಕರು. “ನೀವು ಮಾತ್ರ ಇನ್ಮೇಲೆ ಅವರಿಗೆ ಏನನ್ನೂ ಆರಿಸಿ ಕೊಡ್ಬೇಡಿ.”